ಕೈ ಹಿಂದೆ ಕಟ್ಟಿ ನಿಂತವಳು

ಸರಕು ನೋಡಿ ಬೆಲೆ ಕಟ್ಟುವುದರಲ್ಲಿ ಬಸಲಿಂಗವ್ವ ಎಂದೂ ಮೋಸ ಹೋದವಳಲ್ಲ. ಜೋಳವನ್ನು ಅಂಗೈಯಲ್ಲಿ ಒಮ್ಮೆ ಕುಲುಕಿದರೆ ಸಾಕು, ಅದು ಹೊಸದೋ ಹಳೆಯದೋ, ಹಿಟ್ಟಾದ ಮೇಲೆ ರೊಟ್ಟಿ ಬಿರಿಯುವುದೋ ಇಲ್ಲವೋ ಎಂದು ಹೇಳಿಬಿಡುವಳು. ಸಯನ್ ಸ್ಟೇಷನ್ನಿನಿಂದ ತುಸು ಒಳಗೆ, ಚಾಳಿನ ಕೆಳಗಿನ ಖೋಲಿಯಲ್ಲಿ ಅವಳ ಸಂಸಾರ. ಅದರ ಮುಂಭಾಗದಲ್ಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಅಂಗಡಿ. ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದು ಬಿಲ್ಡಿಂಗ್ ಕೆಲಸ ಮಾಡುವ ಮಂದಿಗೆಲ್ಲ ಆ ಅಂಗಡಿ ಗೊತ್ತು. ಯಾರು ಉದ್ರಿ ಕೇಳಲು ಬಂದಿದ್ದಾರೆ ಎಂಬುದು ಅವರು ರಸ್ತೆ ದಾಟುವಾಗಲೇ ಅವಳಿಗೆ ತಿಳಿಯುತ್ತಿತ್ತು.

ಆದ್ದರಿಂದ, ಹಾಸಿಗೆ ಹಿಡಿದವರ ಆರೈಕೆಗೆ ಮನೆಗೇ ಆಳು ಕಳಿಸುವ ಟ್ರಸ್ಟೊಂದರಿಂದ ರಂಜನಾ ಬಂದು ಬಾಗಿಲಲ್ಲಿ ನಿಂತ ದಿನ ಬಸಲಿಂಗವ್ವ ಅವಳನ್ನೂ ಕಣ್ಣಲ್ಲೇ ತೂಗಿದಳು. ಒಣಗಿದ ಮೈ. ಯಾರೋ ಅಟ್ಟಿಸಿಕೊಂಡು ಬಂದಾಗ ಕಟ್ಟಿಕೊಂಡಂಥ ತುರುಬು. ಚಪ್ಪಲಿಯ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ಮಾಂಸ ತಾಗುವಷ್ಟು ಗಿಡ್ಡಗೆ ಕತ್ತರಿಸಿದ ಉಗುರು. ಅಕ್ಕಲಕೋಟೆ ಕಡೆಯ ಹೆಂಗಸು. ಕನ್ನಡ ಮಾತಾಡುವಾಗ ಮರಾಠಿ ನಡುನಡುವೆ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು. ಇಂಥ ಸರಕನ್ನು ಅಂಗಡಿಯ ಎದುರಿಗೆ ಇಡುವಂತಿಲ್ಲ, ಹಿಂದೆ ಚೀಲದ ಮರೆಯಲ್ಲಿಟ್ಟು ಯಾರಾದರೂ ಬಾಯಿಬಿಟ್ಟು ಕೇಳಿದರೆ ಕೊಡಬೇಕು ಎಂದು ಬಸಲಿಂಗವ್ವ ತೀರ್ಮಾನಿಸಿದಳು. ಹೆಚ್ಚು ದಿನ ಬಾಳುವ ಮಾಲಲ್ಲ ಎಂದೂ ಅಂದುಕೊಂಡಳು.

ರಂಜನಾ ಬಂದದ್ದು ಶರಣುವನ್ನು ನೋಡಿಕೊಳ್ಳಲು. ಶರಣು ಬಸಲಿಂಗವ್ವನ ತಮ್ಮ, ಗೋಡೆಗೆ ಬಣ್ಣ ಹೊಡೆಯುವವನು. ವಿಕ್ರೋಳಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಅಟ್ಟಣಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಮೈ ಅವನ ಮಾತು ಕೇಳುವುದನ್ನು ಬಿಟ್ಟಿತ್ತು. ತಾಯಿ ಸತ್ತಾಗ ಅವನಿನ್ನೂ ತೊಡೆಯ ಮೇಲಿನ ಕೂಸು. ಎತ್ತಿ ಆಡಿಸಿದವಳು ಅಕ್ಕ. ಅವಳ ಗಂಡ ಬೇಗ ತೀರಿಹೋದ, ಮಕ್ಕಳಾಗಲಿಲ್ಲ. ಇದ್ದವನು ಈ ತಮ್ಮನೊಬ್ಬ. ಬೆಳಿಗ್ಗೆ, ಸಂಜೆ ಅವನ ಮೈ ತೊಳೆದು ಬಟ್ಟೆ ಬದಲಿಸುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗಡಿ ನಡೆಯುವ ಹೊತ್ತು ಮಾತ್ರ ರಂಜನಾಳದು.

ಮೊದಲ ವಾರದಲ್ಲೇ ಬಸಲಿಂಗವ್ವನ ಲೆಕ್ಕ ತಪ್ಪತೊಡಗಿತು. ಬೆಳಿಗ್ಗೆ ತಾನು ಬಿಸಿಬಿಸಿ ರೊಟ್ಟಿ, ಎಣ್ಣೆಗಾಯಿ ಮುಂದಿಟ್ಟರೆ ಶರಣು ಗೋಡೆಯ ಕಡೆ ಮುಖ ಮಾಡಿ ಅರ್ಧ ರೊಟ್ಟಿ ಮುರಿದು ಸಾಕೆನ್ನುವನು. ಅದೇ ರೊಟ್ಟಿಯನ್ನು ಮಧ್ಯಾಹ್ನ ಆ ಒಣಕಲು ಹೆಂಗಸು ತಟ್ಟೆಗೆ ಹಾಕಿಕೊಟ್ಟರೆ ಇನ್ನೊಂದು ಕೇಳಿ ಉಣ್ಣುವನು. ಮೇಲೆ ನಗು ಬೇರೆ. ಅವನು ನಕ್ಕದ್ದು ಅಂಗಡಿಯವರೆಗೆ ಕೇಳಿಸಿದಾಗ ಬಸಲಿಂಗವ್ವ ಗಿರಾಕಿಗೆ ಶೇಂಗಾ ಹಿಂಡಿಯ ಬದಲು ಗುರೆಳ್ಳು ಕಟ್ಟಿಕೊಟ್ಟಳು. ಅಷ್ಟು ವರ್ಷದ ವ್ಯಾಪಾರದಲ್ಲಿ ಅಂಥದ್ದು ಆಗಿರಲಿಲ್ಲ.

ಊಟವಾದ ಮೇಲೆ ಒಳಗಿನ ಬಾಗಿಲು ಮುಚ್ಚುವುದು ಶುರುವಾಯಿತು. ಒಳಗಿನಿಂದ ಏನೋ ಜಾರಿದ ಸದ್ದು, ಶರಣುವಿನ ಏದುಸಿರು, ನಡುವೆ ರಂಜನಾಳ ಒಂದೆರಡು ಮಾತು. ಒಂದು ದಿನ ಬಾಗಿಲ ಸಂದಿನಿಂದ ಪಾಲಿಶ್ ವಾಸನೆ ಬಂತು. ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಾಳೆ, ತನ್ನ ತಮ್ಮನ ಎದುರಿಗೆ ಕೂತು ಹಚ್ಚಿಕೊಳ್ಳುತ್ತಿದ್ದಾಳೆ ಎಂದು ಬಸಲಿಂಗವ್ವನಿಗೆ ಖಾತ್ರಿಯಾಯಿತು. ಸಂಜೆ ರಂಜನಾ ಹೊರಡುವಾಗ ಪ್ರೀತಿ ತೋರಿಸುವವಳಂತೆ ಅವಳ ಎರಡೂ ಕೈ ಹಿಡಿದು ನೋಡಿದಳು. ಉಗುರು ಮೊದಲಿನ ಹಾಗೆಯೇ ಗಿಡ್ಡ, ಬಣ್ಣವಿಲ್ಲ. ಅದರಿಂದ ಸಮಾಧಾನವಾಗುವ ಬದಲು ಇನ್ನಷ್ಟು ಉರಿಯಿತು. ಕಳ್ಳತನವಾದದ್ದು ಖಚಿತ, ಮಾಲು ಮಾತ್ರ ಕೈಗೆ ಸಿಗುತ್ತಿಲ್ಲ.

ರಂಜನಾಳ ಬಾಯಿ ಬಿಡಿಸಲು ವ್ಯಾಪಾರದ ದಾರಿ ಹಿಡಿದಳು. ರೊಟ್ಟಿಯ ಕಟ್ಟು ಕೊಡಲು ಹೋದಳು, ಇಳಕಲ್ ಸೀರೆಯೊಂದನ್ನು ಹೊರತೆಗೆದಳು. ಮನೆಯವರಿಂದ ಏನೂ ತೆಗೆದುಕೊಳ್ಳುವಂತಿಲ್ಲ, ಟ್ರಸ್ಟಿನ ನಿಯಮ ಎಂದು ರಂಜನಾ ಎರಡನ್ನೂ ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಪುಕ್ಕಟೆ ಕೊಟ್ಟದ್ದನ್ನು ಬೇಡವೆನ್ನುವವರ ಬಗ್ಗೆ ಬಸಲಿಂಗವ್ವನಿಗೆ ಮೊದಲಿನಿಂದಲೂ ಗುಮಾನಿ. ಕೊನೆಗೆ ನೇರವಾಗಿಯೇ ಕೇಳಿದಳು.

“ಬಾಗಲಾ ಹಾಕ್ಕೊಂಡು ಒಳಗ ಏನ್ ಮಾಡ್ತೀರಿ ರಂಜನಾಬಾಯಿ?”

“ಅದನ್ನ ಶರಣೂನ್ನs ಕೇಳ್ರಿ ಅಕ್ಕಾರ. ಅಂವಾ ಹೇಳಬ್ಯಾಡ ಅಂದಾನ, ನಾ ಹ್ಯಾಂಗ ಹೇಳ್ಲಿ?”

“ನಾ ಅವ್ನ ಅಕ್ಕ ಅದೀನಿ.”

“ಹೌದ್ರಿ. ಅಕ್ಕಗ ಹೇಳು ಅಂತ ನಾನೂ ದಿನಾ ಅವನ ತಲಿ ತಿಂತೀನಿ.”

ಶರಣುವನ್ನು ಕೇಳಿದರೆ ಏನಿಲ್ಲ ಬಿಡು ಎಂದ. ಆ ‘ಏನಿಲ್ಲ’ ಅವಳಿಗೆ ಇಡೀ ದಿನದ ವ್ಯಾಪಾರಕ್ಕಿಂತ ದುಬಾರಿಯಾಗಿ ಬಿತ್ತು. ತಾನು ಸಾಕಿದ ಹುಡುಗನಿಗೂ ನಿನ್ನೆ ಮೊನ್ನೆ ಬಂದವಳಿಗೂ ನಡುವೆ ಒಂದು ಗುಟ್ಟು, ಅದರ ಹೊರಗೆ ತಾನು. ತಮ್ಮ ಕೈಬಿಟ್ಟು ಹೋಗುತ್ತಿದ್ದಾನೆ ಎಂಬುದೊಂದೇ ಯೋಚನೆ ಹಿಟ್ಟು ನಾದುವಾಗಲೂ ತಲೆಯಲ್ಲಿ ತಿರುಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಮೈ ತೊಳೆಯಲು ಕೂತವಳು ತಮ್ಮನ ತೊಡೆಯ ಮೇಲೆ ಕಂದಿದ ಗುರುತನ್ನು ಕಂಡಳು. ಮೊಣಕೈ ಬೇರೆ ತರಚಿತ್ತು. ಹೇಗಾಯಿತು ಎಂದರೆ ಶರಣು ಅಂಗಿಯ ತೋಳನ್ನು ಕೆಳಗೆಳೆದುಕೊಂಡ. ಬಸಲಿಂಗವ್ವನಿಗೆ ಸಂಕಟವಾಯಿತು, ನಿಜ. ಆದರೆ ಅದರ ಅಡಿಯಲ್ಲಿ ಒಂದು ಸಂತೋಷವೂ ಇತ್ತು: ಕೊನೆಗೂ ಮಾಲು ಸಿಕ್ಕಿತು. ಮಳೆ ಸುರಿದು ರಸ್ತೆಯೆಲ್ಲ ನೀರಾದ ದಿನವೂ ಅಂಗಡಿ ತೆರೆದಿದ್ದವಳು ಮರುದಿನ ಬಾಗಿಲೆಳೆದು, ಬಸ್ಸು ಹಿಡಿದು ಬಾಂದ್ರಾದಲ್ಲಿದ್ದ ಟ್ರಸ್ಟಿನ ಕಚೇರಿಗೆ ಹೋದಳು. ಕಾದು ಕೂತಿದ್ದ ಮಂದಿಗೆಲ್ಲ ಕೇಳುವಂತೆ, ನಿಮ್ಮ ಹೆಂಗಸು ನನ್ನ ತಮ್ಮನನ್ನು ನೆಲಕ್ಕೆ ಕೆಡವಿದ್ದಾಳೆ, ಬಾಗಿಲು ಹಾಕಿಕೊಂಡು ಏನೇನೋ ನಡೆಸುತ್ತಾಳೆ, ನಾಳೆಯಿಂದ ಅವಳು ಬೇಡ ಎಂದಳು. ಆ ‘ಏನೇನೋ’ ಎಂಬ ಮಾತನ್ನು ಮಾತ್ರ ತುಸು ಎಳೆದು, ಒತ್ತಿ ಹೇಳಿದಳು.

ಅಂದೇ ಮಧ್ಯಾಹ್ನ ಟ್ರಸ್ಟಿನ ಮೇಲ್ವಿಚಾರಕ ದೇವಾನಂದ ಖೋಲಿಗೆ ಬಂದ. ಮಂಚದ ಮೇಲೆ ಶರಣು, ಮೂಲೆಯಲ್ಲಿ ರಂಜನಾ, ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಬಸಲಿಂಗವ್ವ. ಶರಣು ಬಿದ್ದದ್ದು ತನಗೆ ಗೊತ್ತಿದೆ, ಬಿದ್ದ ಗಳಿಗೆಯಲ್ಲೇ ರಂಜನಾ ಫೋನ್ ಮಾಡಿ ತಿಳಿಸಿದ್ದಾಳೆ ಎಂದು ದೇವಾನಂದ ಮೊದಲೇ ಹೇಳಿಬಿಟ್ಟ. ಹಾಗಾದರೆ ಬಾಂದ್ರಾಕ್ಕೆಲ್ಲ ಸುದ್ದಿ ಗೊತ್ತು, ಇದೇ ಮನೆಯಲ್ಲಿರುವ ತನಗೆ ಗೊತ್ತಿಲ್ಲವೇ ಎಂದು ಬಸಲಿಂಗವ್ವ ಕಿಡಿಯಾದಳು. ದೇವಾನಂದ ತಾಳ್ಮೆಯಿಂದಲೇ ವಿವರಿಸಿದ. ಶರಣುವಿನ ಕಾಲುಗಳು ಸೋತಿವೆ, ಬುದ್ಧಿ ಸೋತಿಲ್ಲ. ತನ್ನ ಮೈಯ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವನಿಗೆ ಬಿಟ್ಟದ್ದು. ಜೀವಕ್ಕೆ ಅಪಾಯವಿದ್ದರೆ ಬೇರೆ. ಆದರೂ ಮನೆಯವರಿಂದ ದೂರು ಬಂದಿದೆ. ಕೆಡವಿದ್ದಾಳೆ ಎಂಬ ದೂರು ಹಾಗೆಯೇ ಉಳಿದರೆ ರಂಜನಾಳನ್ನು ಯಾವ ಮನೆಗೂ ಕಳಿಸುವಂತಿಲ್ಲ.

ಎಲ್ಲರೂ ರಂಜನಾಳನ್ನು ನೋಡಿದರು. ಒಂದು ಮಾತು ಆಡಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಅವಳು ಆಡಲಿಲ್ಲ, ಶರಣುವಿನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಆ ನೋಟವನ್ನೂ ಬಸಲಿಂಗವ್ವನಿಗೆ ಸಹಿಸಲಾಗಲಿಲ್ಲ.

“ಅಕಿ ಕೆಡವಿಲ್ಲ. ನಾನs ಬಿದ್ದೆ,” ಎಂದ ಶರಣು.

ಹಾಸಿಗೆಯ ಅಡಿಯಿಂದ ಅವನು ಒಂದು ಹಲಗೆ ಎಳೆದ. ಅಂಗಡಿಯ ಹಳೇ ಕಪಾಟಿನದು. ಮರಳುಕಾಗದದಿಂದ ಉಜ್ಜಿ, ಪಾಲಿಶ್ ಹಚ್ಚಿ ಕನ್ನಡಿಯಷ್ಟು ನುಣುಪು ಮಾಡಿದ್ದ. ಬಣ್ಣದ ಕೆಲಸದವನ ಕೈ. ಹಲಗೆಯ ಒಂದು ತುದಿಯನ್ನು ತೊಡೆಯ ಕೆಳಗೆ ತೂರಿಸಿ ಇನ್ನೊಂದನ್ನು ಮಂಚದ ಪಕ್ಕದ ಗಾಲಿ ಕುರ್ಚಿಯ ಮೇಲೆ ಇಟ್ಟ. ಆ ಕುರ್ಚಿಯ ಸೀಟಿನ ನಡುವೆ ಶೌಚಕ್ಕೆಂದು ಮಾಡಿದ ತೂತು. ಉರುಳಿಸಿಕೊಂಡು ಹೋದರೆ ಮೂಲೆಯ ಮೋರಿಯವರೆಗೆ, ಅಂದರೆ ಮೈ ತೊಳೆಯುವ ಜಾಗದವರೆಗೆ ಹೋಗುತ್ತದೆ. ಎರಡೂ ಕೈ ಊರಿ, ಹಲ್ಲು ಕಚ್ಚಿ, ಸತ್ತ ಸೊಂಟವನ್ನು ಹಲಗೆಯ ಮೇಲೆ ತುಸುತುಸುವೇ ಜಾರಿಸತೊಡಗಿದ. ನಡುದಾರಿಯಲ್ಲಿ ಮೈ ಒಂದು ಕಡೆ ವಾಲಿತು. ಬಸಲಿಂಗವ್ವ ಎರಡೂ ಕೈ ಚಾಚಿ ಹಾರಿದಳು.

“ಅಕ್ಕಾರ, ಕೈ ಹಿಂದ ಇಟ್ಕೋರಿ,” ಎಂದಳು ರಂಜನಾ.

ಏನು ಸೊಕ್ಕು ಎಂದು ತಿರುಗಿದ ಬಸಲಿಂಗವ್ವನ ಕಣ್ಣಿಗೆ ರಂಜನಾಳ ಕೈಗಳು ಬಿದ್ದವು. ಅವು ಬೆನ್ನ ಹಿಂದಿದ್ದವು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬೆರಳ ತುದಿಗಳು ಬೆಳ್ಳಗಾಗಿದ್ದವು. ಕಾಲು ಮಾತ್ರ ಒಂದು ಹೆಜ್ಜೆ ಮುಂದಿತ್ತು, ಬಿದ್ದರೆ ಹಿಡಿಯಲು. ಹಿಡಿಯದೆ ನಿಲ್ಲುವುದಕ್ಕೆ ಇಷ್ಟು ಶಕ್ತಿ ಬೇಕೆಂದು ಬಸಲಿಂಗವ್ವ ಎಣಿಸಿರಲಿಲ್ಲ. ಶರಣು ನೆಟ್ಟಗಾದ, ಜಾರಿದ, ಕುರ್ಚಿಯಲ್ಲಿ ಕೂತ. ಅಂಗಿ ಬೆವರಿಗೆ ಅಂಟಿತ್ತು.

“ನಿನ್ನೆ ಇಲ್ಲೇ ತಪ್ಪಿತ್ತು. ಕುರ್ಚಿ ಬಡದು ತೊಡಿ ಕಂದೇತಿ. ಅಕಿ ಹಿಡದು ಕೆಳಗ ಇಳಸಿದ್ಲು, ಇಲ್ಲಾಂದ್ರ ತಲಿ ಒಡೀತಿತ್ತು.”

ಇದನ್ನು ತನ್ನಿಂದ ಏಕೆ ಮುಚ್ಚಿಟ್ಟೆ ಎಂದು ಬಸಲಿಂಗವ್ವ ಕೇಳಿದಳು.

“ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಯಾಕ, ನಾ ಸತ್ತೀನೇನು ಅಂತಿದ್ದಿ.” ಶರಣು ಹಲಗೆಯನ್ನು ತೊಡೆಯ ಮೇಲೆ ಎಳೆದುಕೊಂಡು ಅಂದ: “ದಿನಾ ಮುಂಜಾನೆ ನೀ ನನ್ನ ತೊಳೀತಿ. ಆಮ್ಯಾಲೆ ಅದs ಕೈಲೆ ರೊಟ್ಟಿ ಕೊಡ್ತಿ. ನಿನ್ನ ಮಾರಿ ನೋಡಿ ಉಣ್ಣಾಕ ನನಗ ಆಗವಲ್ದು ಅಕ್ಕಾ. ರಂಜನಾಗ ಅದು ಕೆಲಸ. ನೀ ನನ್ನ ಅಕ್ಕ.”

ಬಸಲಿಂಗವ್ವ ಅಂಗಡಿಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಆ ದಿನದ ರೊಟ್ಟಿಗಳು ಕಾಗದದಷ್ಟು ತೆಳ್ಳಗಾದವು. ತಾನು ಪ್ರೀತಿಯೆಂದು ಕೊಟ್ಟದ್ದು ಅವನಿಗೆ ಇಷ್ಟು ಭಾರವಾಗಿತ್ತೆಂಬುದನ್ನು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಅದು ರಂಜನಾಳಿಗೆ ಮೊದಲು ತಿಳಿದಿತ್ತು ಎಂಬುದು ಅದಕ್ಕಿಂತ ಕಷ್ಟ. ದೇವಾನಂದ ಹೊರಡುವಾಗ, ದೂರು ವಾಪಸ್ ಪಡೆಯಲು ನೀವೇ ಒಮ್ಮೆ ಕಚೇರಿಗೆ ಬಂದು ಹೇಳಿದರೆ ಒಳ್ಳೆಯದು ಮೌಶಿ ಎಂದ. ನೋಡೋಣ ಎಂದಳು ಬಸಲಿಂಗವ್ವ. ಶರಣುವಿನ ಹೇಳಿಕೆಯ ಮೇಲೆಯೇ ರಂಜನಾಳ ಕೆಲಸ ಉಳಿಯಿತು.

ಆಮೇಲೆ ಬಾಗಿಲು ಮುಚ್ಚುವ ಅಗತ್ಯ ಬೀಳಲಿಲ್ಲ. ಬಸಲಿಂಗವ್ವ ಹೊಸ್ತಿಲಲ್ಲಿ ನಿಂತು ಕೈ ಹಿಂದೆ ಕಟ್ಟುವುದನ್ನು ಕಲಿತಳು. ಕಲಿತದ್ದಕ್ಕಿಂತ ಮರೆತದ್ದೇ ಹೆಚ್ಚು, ಪ್ರತಿ ಸಲ ರಂಜನಾ ನೆನಪಿಸಬೇಕು. ಶರಣು ಒಬ್ಬನೇ ಮೋರಿಗೆ ಹೋಗಿ ಬರುವಂತಾದ ಮೇಲೆ ಟ್ರಸ್ಟಿನವರು ರಂಜನಾಳನ್ನು ಬಾಂದ್ರಾದ ಬೇರೊಂದು ಮನೆಗೆ ಹಾಕಿದರು. ಇದು ಬಸಲಿಂಗವ್ವನ ವ್ಯಾಪಾರದ ತಲೆಗೆ ಇನ್ನೂ ಹೊಂದಿಲ್ಲ. ಗಿರಾಕಿಗೆ ತಾನೇ ರೊಟ್ಟಿ ಬಡಿಯುವುದನ್ನು ಕಲಿಸಿ, ಕಲಿತನೆಂದು ಖುಷಿಪಟ್ಟು, ಅಂಗಡಿ ಎತ್ತಿಕೊಂಡು ಹೋಗುವವರನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಪೀಡೆ ಕಳೆಯಿತು ಎಂದು ಹಗುರಾಗಬೇಕಿತ್ತು. ಆಗಲಿಲ್ಲ. ಹೊಸ ಮನೆಯ ಮುದುಕಿಗೆ ತನ್ನ ತಲೆ ತಾನೇ ಬಾಚಿಕೊಳ್ಳುವುದನ್ನು ರಂಜನಾ ಕಲಿಸುತ್ತಿದ್ದಾಳೆ, ಮುದುಕಿ ಅವಳನ್ನು ಬಿಟ್ಟಿರಲಾರಳಂತೆ ಎಂದು ಶರಣು ಫೋನಿನಲ್ಲಿ ಕೇಳಿ ಹೇಳಿದಾಗ ಬಸಲಿಂಗವ್ವನಿಗೆ ಆ ಮುದುಕಿಯ ಮೇಲೆಯೇ ಹೊಟ್ಟೆ ಉರಿಯಿತು.

“ಬಾಂದ್ರಾದವ್ರಿಗೆ ಅಕಿ ಕಿಮ್ಮತ್ತು ಏನ್ ಗೊತ್ತಾಗ್ತೈತಿ?” ಎಂದು ಗೊಣಗಿದಳು. ಶರಣು ನಕ್ಕ. ಅವಳ ಎದುರಿಗೇ, ಅವಳನ್ನು ನೋಡುತ್ತಲೇ, ಎರಡನೇ ರೊಟ್ಟಿಗೆ ಕೈ ಹಾಕಿದ.

ಕಚೇರಿಗೆ ಬಸಲಿಂಗವ್ವ ಇನ್ನೂ ಹೋಗಿಲ್ಲ. ರಂಜನಾ ತನ್ನ ತಮ್ಮನನ್ನು ಕೆಡವಲಿಲ್ಲ, ಬಾಗಿಲ ಹಿಂದೆ ಕೆಟ್ಟದ್ದೇನೂ ನಡೆಯಲಿಲ್ಲ ಎಂದು ಅದೇ ಜಾಗದಲ್ಲಿ, ಮಂದಿಯ ಎದುರಿಗೆ, ಅಷ್ಟೇ ಗಟ್ಟಿಯಾಗಿ ಹೇಳುವ ಬಾಕಿಯನ್ನು ಅವಳು ರಂಜನಾಳಿಗೆ ಇನ್ನೂ ತೀರಿಸಬೇಕಾಗಿದೆ.