ಗೆರೆ ನೇರವಾಗುವವರೆಗೆ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಎರಡನೇ ಮಹಡಿಯ ಹೃದಯ ಚಿಕಿತ್ಸೆಯ ಕೋಣೆಯಲ್ಲಿ ರೋಗಿಯಿಲ್ಲ, ಡಾಕ್ಟರಿಲ್ಲ. ಮಂಚದ ಮೇಲೆ ಒಂದು ಪ್ಲಾಸ್ಟಿಕ್ ಬೋಗುಣಿ, ಅದರ ತುಂಬ ಸಲೈನ್ ನೀರು. ನಲವತ್ತೇಳು ವರ್ಷದ ಹೆಂಗಸೊಬ್ಬರು, ಬಳಸಿ ಎತ್ತಿಟ್ಟ ಹಳೆಯ ಕ್ಯಾಥೆಟರಿನ ತುದಿಯನ್ನು ಆ ನೀರಿಗೆ ಇಳಿಬಿಟ್ಟು ಪರದೆ ನೋಡುತ್ತ ಕೂತಿದ್ದಾರೆ. ಪೆನ್ನಿನ ರೀಫಿಲ್ಲಿಗಿಂತ ಸಪೂರವಾದ ಕೊಳವೆ ಅದು. ನೀರಿಗೆ ಹೃದಯವಿಲ್ಲ, ಆದ್ದರಿಂದ ಪರದೆಯ ಮೇಲೆ ಎಳೆದ ದಾರದಂಥ ಗೆರೆ ಬರಬೇಕು. ಗೆರೆ ನಡುಗಿದರೆ ಕೋಣೆಯಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ.

ಗೆರೆ ನೇರವಾಗಿದೆ. ಆದರೂ ಅವರ ಮುಖ ಸಡಿಲವಾಗುವುದಿಲ್ಲ. "ಇದನ್ನ ನಂಬಿ ಒಂದ್ಸಲ ಕೆಟ್ಟಿದೀನಿ" ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಗೆರೆಯಕ್ಕ. ಹತ್ತೊಂಬತ್ತು ವರ್ಷದಿಂದ ಟೆಕ್ನೀಶಿಯನ್. ದಿನಕ್ಕೆ ಮೂರು, ಕೆಲವೊಮ್ಮೆ ನಾಲ್ಕು ರೋಗಿಗಳು. ಮೈಮೇಲೆ ಎಕ್ಸ್‌ರೇ ತಡೆಯಲು ಏಳು ಕಿಲೋ ತೂಕದ ಸೀಸದ ಅಂಗಿ. ಕೋಣೆಯಲ್ಲಿ ಇಪ್ಪತ್ತಾರು ಪ್ಲಗ್ಗುಗಳಿವೆ. ಯಾವುದರಲ್ಲಿ ಏನು ಸಿಕ್ಕಿಸಿದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟೇ ಪರಿಚಯ. ತೊಡೆಯ ರಕ್ತನಾಳದಿಂದ ಹೃದಯದೊಳಕ್ಕೆ ಹೋದ ಕ್ಯಾಥೆಟರು ಅಲ್ಲಿನ ವಿದ್ಯುತ್ತಿನ ಮಿಡಿತವನ್ನು ಹಿಡಿದು ಪರದೆಗೆ ತರುತ್ತದೆ. ಡಾಕ್ಟರು ಹುಡುಕುವ ಮಿಡಿತ ಕೆಲವೊಮ್ಮೆ ಎಷ್ಟು ಸಣ್ಣದೆಂದರೆ, ಗೋಡೆಯ ಪ್ಲಗ್ಗಿನಲ್ಲಿರುವ ವಿದ್ಯುತ್ತು ಅದರ ಲಕ್ಷಾಂತರ ಪಟ್ಟು. ಒಂದು ದೀಪ, ಒಂದು ಪಂಪು, ಮಂಚದ ಕೆಳಗೆ ಯಾರೋ ಚಾರ್ಜಿಗಿಟ್ಟ ಫೋನು, ಯಾವುದಾದರೂ ಸಾಕು, ಆ ಮಿಡಿತ ಮುಚ್ಚಿಹೋಗುತ್ತದೆ.

ಯಂತ್ರದಲ್ಲಿ ಇಂಥ ವಿದ್ಯುತ್ ಗದ್ದಲ ಅಳಿಸುವ ಗುಂಡಿಯೊಂದಿದೆ. ಅದನ್ನು ಒತ್ತಿದರೆ ಮುಗಿಯಿತಲ್ಲ?

"ಅದು ಇಸ್ತ್ರಿಪೆಟ್ಟಿಗೆ ಇದ್ದ ಹಾಗೆ. ಅಜಾಗರೂಕತೆಯಿಂದ ಎಳೆದ್ರೆ ಸುಕ್ಕೂ ಹೋಗುತ್ತೆ, ನೆರಿಗೆನೂ ಹೋಗುತ್ತೆ. ನಮಗೆ ಬೇಕಾಗಿರೋದು ನೆರಿಗೆ. ಕೆಲವು ಸಲ ಇಲ್ಲದ ನೆರಿಗೆನೂ ತೋರಿಸಿಬಿಡುತ್ತೆ. ಅದನ್ನ ನಂಬಿ ಡಾಕ್ಟ್ರು ಹೃದಯದೊಳಗೆ ತಪ್ಪು ಜಾಗ ಸುಟ್ಟರೆ?" ಹೋಲಿಕೆ ಬಂದದ್ದು ಮನೆಯಿಂದ. ಗಂಡ ದರ್ಜಿ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಸೊಸೆಯ ಕೆಲಸವೇನೆಂದು ಯಾರಾದರೂ ಕೇಳಿದರೆ ಅತ್ತೆಯ ಉತ್ತರ ಸಿದ್ಧವಾಗಿರುತ್ತದೆ: "ಆಸ್ಪತ್ರೇಲಿ ಸ್ವಿಚ್ ಆರಿಸ್ತಾಳೆ. ಅದಕ್ಕೆ ಸಂಬಳಾನೂ ಕೊಡ್ತಾರಂತೆ, ಪುಣ್ಯಾತ್ಮರು."

ಮೂರು ವಾರದ ಹಿಂದೆ ಆ ಸ್ವಿಚ್ಚು ಸಿಗಲಿಲ್ಲ.

ಅಂದು ಮಂಚದ ಮೇಲಿದ್ದವರು ಒಬ್ಬ ಬಸ್ ಚಾಲಕ. ಇದ್ದಕ್ಕಿದ್ದಂತೆ ಎದೆಬಡಿತ ನಿಮಿಷಕ್ಕೆ ಇನ್ನೂರು ದಾಟುವ ತೊಂದರೆ. ಒಮ್ಮೆ ಡಿಪೋದಲ್ಲಿ ಕಣ್ಣು ಕತ್ತಲೆಬಂದು ಕುಸಿದರು. ಅಂದಿನಿಂದ ಸ್ಟೀರಿಂಗ್ ಮುಟ್ಟುವಂತಿಲ್ಲ. ಟೈರು ಎಣಿಸುವ ಕೆಲಸ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ತು ಇಳಿಯಲು ಒಂದೇ ದಾರಿ ಇರಬೇಕು. ಇವರಿಗೆ ಅದರ ಪಕ್ಕದಲ್ಲೇ ಒಂದು ಕಳ್ಳದಾರಿ. ಅದನ್ನು ಸುಟ್ಟು ಮುಚ್ಚಿದರೆ ಮತ್ತೆ ಬಸ್ಸು. ಕೆಲವೇ ಮಿಲಿಮೀಟರ್ ತಪ್ಪಿ ಸರಿಯಾದ ದಾರಿಯೇ ಸುಟ್ಟರೆ ಜೀವನಪೂರ್ತಿ ಪೇಸ್‌ಮೇಕರ್.

ಸರಿಯಾದ ದಾರಿಯ ಗುರುತು ಪರದೆಯ ಮೇಲೆ ಸಾಸಿವೆ ಕಾಳಿನಷ್ಟು ಎತ್ತರದ ಒಂದು ಮೊನೆ. ಅಂದು ಅದು ಕಾಣಲೇ ಇಲ್ಲ. ಗೆರೆಗಳೆಲ್ಲ ಬಾಚಣಿಗೆಯ ಹಲ್ಲಿನಂತಾಗಿದ್ದವು. ಗೆರೆಯಕ್ಕ ಒಂದೊಂದೇ ಪ್ಲಗ್ಗು ಕಿತ್ತರು, ಕೇಬಲ್ಲು ಬದಲಿಸಿದರು, ತೊಡೆಗೆ ಅಂಟಿಸಿದ ವಿದ್ಯುತ್ ಪಟ್ಟಿ ತೆಗೆದು ಹೊಸದು ಹಾಕಿದರು. ಎರಡು ಗಂಟೆ. ಕೊನೆಗೆ ಡಾಕ್ಟರು, "ಕಾಣದ ಜಾಗ ನಾನು ಸುಡಲ್ಲ" ಎಂದು ಕೊಳವೆ ಹೊರತೆಗೆದರು. ಚಾಲಕರು ಹೇಗೆ ಬಂದಿದ್ದರೋ ಹಾಗೇ ವಾಪಸಾದರು, ತೊಡೆಯ ಮೇಲೊಂದು ಗಾಯದ ಸಮೇತ.

"ಯಾರೂ ನನ್ನ ಬಯ್ಯಲಿಲ್ಲ. ಬೈದಿದ್ರೆ ಊಟನಾದ್ರೂ ಸೇರ್ತಿತ್ತು" ಎನ್ನುತ್ತಾರೆ ಗೆರೆಯಕ್ಕ.

ಅಂದೂ ಮುಂಜಾನೆ ಬೋಗುಣಿಯ ಗೆರೆ ನೇರವಾಗಿಯೇ ಇತ್ತು. ಒಗಟು ಇದ್ದದ್ದು ಅಲ್ಲಿ. ತಮ್ಮ ರಜೆಯ ದಿನ ಮತ್ತೆ ಕೋಣೆಗೆ ಬಂದು ಬೋಗುಣಿಯ ಮುಂದೆ ಕೂತರು. ಆರು, ಏಳು, ಎಂಟು ಗಂಟೆ, ಏನೂ ಇಲ್ಲ. ಒಂಬತ್ತು ಇಪ್ಪತ್ತಕ್ಕೆ ಗೆರೆಗೆ ಹಲ್ಲು ಹುಟ್ಟಿತು. ಒಂಬತ್ತು ಐವತ್ತಕ್ಕೆ ಉದುರಿತು. ಹತ್ತು ಗಂಟೆಗೆ ಮತ್ತೆ ಹುಟ್ಟಿತು. ಕೋಣೆಯೊಳಗೆ ಯಾರೂ ಏನನ್ನೂ ಮುಟ್ಟಿರಲಿಲ್ಲ. ನೆಲಕ್ಕೆ ಕಿವಿಗೊಟ್ಟರು. ಕೆಳಗೆ ಲಾಂಡ್ರಿ.

ಲಾಂಡ್ರಿಯ ಮೇಸ್ತ್ರಿ ಅರವತ್ತರ ಹತ್ತಿರದವರು. ಗೆರೆಯಕ್ಕ ಅವರಿಗೆ ಫೋನು ಮಾಡಿದರು. ಆ ಸಂಭಾಷಣೆಯನ್ನು ಇಬ್ಬರೂ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳುತ್ತಾರೆ.

"ಮಾವ, ಈಗ ಯಾವ ಮೆಷಿನ್ ಓಡ್ತಿದೆ?"

"ಬಟ್ಟೆ ಒಣಗಿಸೋ ಹೊಸ ಮೆಷಿನ್ನಮ್ಮ. ಬಂದು ತಿಂಗಳಾಗಿಲ್ಲ, ಆಗ್ಲೇ ಕಣ್ಣು ಹಾಕ್ಬೇಡ."

"ಒಂದ್ನಿಮಿಷ ಆರಿಸಿ."

ಗೆರೆ ನೇರವಾಯಿತು.

"ಈಗ ಹಾಕಿ."

ನಡುಗಿತು.

"ಆರಿಸಿ."

"ಏನವ್ವ, ನಾನು ಮೇಸ್ತ್ರಿನೋ ನಿನ್ನ ಕೈಗೊಂಬೆನೋ?"

ಲಾಂಡ್ರಿ ಶುರುವಾಗುವುದು ಒಂಬತ್ತರ ಮೇಲೆ. ಹೊಸ ಯಂತ್ರ ಮತ್ತು ಮೇಲಿನ ಕೋಣೆ ಎರಡಕ್ಕೂ ಅರ್ಥಿಂಗ್ ತಂತಿ ಒಂದೇ, ಯಂತ್ರದ ಸೋರಿಕೆ ಅದರಲ್ಲೇ ಮೇಲೇರುತ್ತದೆ. ಗೆರೆಯಕ್ಕನ ಪರೀಕ್ಷೆ ನಡೆಯುತ್ತಿದ್ದದ್ದು ಆಸ್ಪತ್ರೆ ಕಣ್ಣುಬಿಡುವ ಮೊದಲು. "ಮನೆಯವರೆಲ್ಲ ಮಲಗಿದ್ದಾಗ ನಮ್ಮನೇಲಿ ಜಗಳಾನೇ ಇಲ್ಲ ಅಂತ ಬೀಗಿದ ಹಾಗಾಯ್ತು ನನ್ನ ಕಥೆ. ಹತ್ತೊಂಬತ್ತು ವರ್ಷ ಬೇಗ ಬರ್ತೀನಿ ಅಂತ ಜಂಬ ಬೇರೆ." ಈಗ ಬೋಗುಣಿ ದಿನಕ್ಕೆ ಎರಡು ಸಲ ನೀರು ಕಾಣುತ್ತದೆ: ಮುಂಜಾನೆ ಒಮ್ಮೆ, ಎಲ್ಲ ಯಂತ್ರಗಳೂ ಓಡುವ ಹೊತ್ತಿಗೆ ಇನ್ನೊಮ್ಮೆ. ಅರ್ಥಿಂಗ್ ಬೇರೆ ಮಾಡಲು ಎಂಜಿನಿಯರಿಂಗ್ ವಿಭಾಗ ಎರಡು ತಿಂಗಳು ಕೇಳಿದೆ. ಅಲ್ಲಿಯತನಕ ಫೋನೇ ಗತಿ.

ಇವತ್ತು ಚಾಲಕರು ಮತ್ತೆ ಬಂದಿದ್ದಾರೆ. ತೊಡೆಗೆ ಮಾತ್ರ ಮರಗಟ್ಟಿಸುವ ಮದ್ದು, ಎಚ್ಚರವಾಗಿಯೇ ಇದ್ದಾರೆ. ಸೀಸದ ಅಂಗಿ, ಟೋಪಿ, ಮುಖಗವಸಿನ ಮಧ್ಯೆ ಕಣ್ಣು ಮಾತ್ರ ಕಾಣುವ ಗೆರೆಯಕ್ಕನನ್ನು ನೋಡಿ, "ಏನಕ್ಕ, ಇವತ್ತಾದ್ರೂ ಬಸ್ಸು ಹೊರಡುತ್ತಾ? ಇಲ್ಲ ಮತ್ತೆ ಇಳಿಸ್ತೀರಾ?" ಎಂದು ಕೇಳುತ್ತಾರೆ. ನಗುತ್ತಿದ್ದಾರೆ, ಮಂಚದ ಅಂಚು ಹಿಡಿದ ಕೈ ಮಾತ್ರ ಸಡಿಲವಾಗಿಲ್ಲ.

ಹತ್ತೂವರೆಗೆ ಗೆರೆಯಕ್ಕನ ಫೋನು ಹೋಗಿ ಕೆಳಗಿನ ಯಂತ್ರ ನಿಲ್ಲುತ್ತದೆ. ಪರದೆಯ ಮೇಲೆ ಎರಡು ದೊಡ್ಡ ಮೊನೆಗಳು, ನಡುವೆ ಆ ಸಾಸಿವೆ ಕಾಳು. ಡಾಕ್ಟರು ಅದನ್ನು ಗುರುತುಹಾಕಿಕೊಂಡು ಕ್ಯಾಥೆಟರನ್ನು ಅದರಾಚೆ ಕಳ್ಳದಾರಿಯತ್ತ ಸರಿಸುತ್ತಾರೆ. ಸುಡಲು ಕಾಲು ಪೆಡಲ್ಲಿನ ಮೇಲಿದೆ.

ಗೆರೆ ನಡುಗುತ್ತದೆ.

"ಸರ್, ನಿಲ್ಲಿ." ಗೆರೆಯಕ್ಕ ಫೋನೆತ್ತುತ್ತಾರೆ. ಆ ಕಡೆಯಿಂದ ಮೇಸ್ತ್ರಿ: "ನಿನ್ನಾಣೆ ನಾನಲ್ಲಮ್ಮ. ಒದ್ದೆ ಹೊದಿಕೆಗಳ ಗುಡ್ಡೆ ಮುಂದೆ ಕೈಕಟ್ಟಿ ನಿಂತಿದೀನಿ."

ಅವರು ಪರದೆಯ ಹತ್ತಿರ ಹೋಗಿ ನೋಡುತ್ತಾರೆ. ಹಲ್ಲಿನ ಆಕಾರ ಬೇರೆ, ಗಿಡ್ಡ, ದಟ್ಟ. ಬಗ್ಗಿ ಮಂಚದ ಕೆಳಗೆ ತೂರುತ್ತಾರೆ. ಮಂಚ ಏರಿಳಿಸುವ ಮೋಟಾರಿನ ಪ್ಲಗ್ಗನ್ನು ಅವರೇ ಬೆಳಗ್ಗೆ ಕಿತ್ತಿಟ್ಟಿದ್ದರು. ರೋಗಿಯನ್ನು ಮಲಗಿಸುವಾಗ ಎತ್ತರ ಹೊಂದಿಸಲು ನರ್ಸ್ ಮತ್ತೆ ಸಿಕ್ಕಿಸಿದ್ದಾರೆ, ಸಡಿಲವಾಗಿ ಜೋತಿದೆ. ಕಿತ್ತು ಮೇಲೇಳುತ್ತಾರೆ. ಏಳು ಕಿಲೋ ಹೊತ್ತ ಮಂಡಿ ಲಟಕ್ಕೆನ್ನುತ್ತದೆ.

"ಅಕ್ಕ, ನಿಮ್ಮ ಗೇರ್‌ಬಾಕ್ಸೂ ಹೋಗಿದೆ" ಎನ್ನುತ್ತಾರೆ ಚಾಲಕರು.

"ನೀವು ಅಲುಗಾಡದೆ ಮಲಗ್ರಿ ಮಾರಾಯ್ರೆ." ಪರದೆ ನೋಡಿ ತಲೆಯಾಡಿಸುತ್ತಾರೆ. "ಸರ್, ನೇರ ಆಯ್ತು."

ಡಾಕ್ಟರು ಪೆಡಲ್ ಒತ್ತುತ್ತಾರೆ. ಆರನೇ ಸೆಕೆಂಡಿಗೆ ಕಳ್ಳದಾರಿ ಮುಚ್ಚುತ್ತದೆ. ಸಾಸಿವೆ ಕಾಳು ಇದ್ದಲ್ಲೇ ಇದೆ. ಮುಂದಿನ ಅರ್ಧ ಗಂಟೆ ಔಷಧಿ ಕೊಟ್ಟು, ಕೆಣಕಿ ನೋಡಿದರೂ ಎದೆಬಡಿತ ಓಟ ಕೀಳುವುದಿಲ್ಲ.

ಹೊರಗಿನ ಬೆಂಚಿನಲ್ಲಿ ಚಾಲಕರ ಹೆಂಡತಿ ಮತ್ತು ಅಣ್ಣ. ಡಾಕ್ಟರು ವಿಷಯ ಹೇಳುತ್ತಾರೆ: ಕೆಲವು ವಾರ ನೋಡಿ, ಎಲ್ಲ ಸರಿಯಿದ್ದರೆ ಡಿಪೋಗೆ ಪತ್ರ ಕೊಡುತ್ತೇನೆ. ಅಣ್ಣ ಕೈಮುಗಿಯುತ್ತಾರೆ, ಹೆಂಡತಿ ಸೆರಗಿನಲ್ಲಿ ಮುಖ ಒತ್ತಿಕೊಳ್ಳುತ್ತಾರೆ. ಅವರ ಪಕ್ಕದಿಂದಲೇ ಗೆರೆಯಕ್ಕ ಕೇಬಲ್ಲುಗಳ ಸುರುಳಿ ಹಿಡಿದು ಹಾದುಹೋಗುತ್ತಾರೆ. ದಾರಿ ಬಿಡಲು ಅಣ್ಣ ಕಾಲು ಮಡಚಿಕೊಳ್ಳುತ್ತಾರೆ, ಅಷ್ಟೆ.

ಬೇಸರವಾಗುವುದಿಲ್ಲವೇ?

ಕೇಬಲ್ಲನ್ನು ಗಂಟು ಬೀಳದಂತೆ ಮೊಳೆಗೆ ತೂಗುಹಾಕುತ್ತಾರೆ. "ಬೇಸರ ಯಾಕೆ? ಅವರನ್ನ ಮೂರನೇ ಸಲ ಇಲ್ಲಿ ನೋಡೋದು ಬೇಡ, ಅಷ್ಟೆ. ಪತ್ರ ಸಿಕ್ಕ ಮೇಲೆ ಒಂದಿನ ಅವರ ಬಸ್ಸು ಹತ್ತಬೇಕು ಅಂತಿದೆ. ಈ ವೇಷ ಕಳಚಿದ್ರೆ ನನ್ನ ಗುರುತು ಹತ್ತಲ್ಲ. ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತ್ಕೋತೀನಿ. ಕೊನೇ ಸ್ಟಾಪ್‌ವರೆಗೂ."