ಖಾಲಿ ಡಬ್ಬಿ ತಿರುಗಿಸಬಾರದು

ಕಲಬುರಗಿಯ ಕುಸನೂರಿನ ಕಾವೇರಿಯ ಮೊಬೈಲಿನಲ್ಲಿ ಇಲ್ಲದ ಅಡುಗೆಯಿಲ್ಲ. ಹೋಳಿಗೆಗೊಂದು ಫೋಲ್ಡರ್, ಪಲ್ಯಕ್ಕೊಂದು, ಉಂಡಿಗೊಂದು. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಅವನ್ನೆಲ್ಲ ಒಪ್ಪ ಓರಣ ಮಾಡುವುದೇ ಅವಳಿಗೊಂದು ಸಡಗರ. ಒಲೆಯ ಮುಂದೆ ನಿಂತು ಮಾಡುವುದು ಮಾತ್ರ ಅನ್ನ, ಸಾರು. ಅವಸರವಿದ್ದ ದಿನ ಬರೀ ಅನ್ನ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಅವಳನ್ನು ಸಾಕಿದವಳು ಕಮಲಾಪುರದ ದೊಡ್ಡವ್ವ ಶಿವಕಾಂತಮ್ಮ. ಮಂದಿಯ ಹೊಲದಲ್ಲಿ ಕಳೆ ಕಿತ್ತು ಕಾವೇರಿಯನ್ನು ಓದಿಸಿದವಳು. ಈಗಲೂ ಕಲಬುರಗಿಗೆ ಬರುವವರು ಯಾರಾದರೂ ಸಿಕ್ಕರೆ ಸಾಕು, ತನ್ನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನೋ ಪುಂಡಿಪಲ್ಯವನ್ನೋ ಕಳಿಸುತ್ತಾಳೆ. ತಿಂದು ತೊಳೆದಿಟ್ಟರೆ ಮುಗಿಯಲಿಲ್ಲವಲ್ಲ! ಬಂದ ಡಬ್ಬಿಯನ್ನು ಖಾಲಿ ತಿರುಗಿಸಬಾರದು, ಏನಾದರೂ ಮಾಡಿ ಹಾಕಿ ಕಳಿಸಬೇಕು. ಅದನ್ನು ಕಲಿಸಿದವಳೂ ದೊಡ್ಡವ್ವನೇ. ಈ ರವಿವಾರ ಮಾಡಿದರಾಯಿತು, ಬರುವ ರವಿವಾರ ಮಾಡಿದರಾಯಿತು ಎನ್ನುತ್ತ ಕಾವೇರಿ ಡಬ್ಬಿಗಳನ್ನು ಕಪಾಟಿನಲ್ಲಿ ಒತ್ತಿ ಒತ್ತಿ ತುಂಬಿದಳು.

ಒಂದು ದಿನ ಗಂಡ ಸುಧಾಕರ ಸಕ್ಕರೆಗೆಂದು ಕಪಾಟು ತೆರೆದ. ಡಬ್ಬಿಯೊಂದು ನೇರ ಅವನ ತಲೆಯ ಮೇಲೆ ಬಿತ್ತು.

“ಇದೇನು ಮನಿಯೋ, ಬಾಂಡೆ ಅಂಗಡಿಯೋ? ಮೊದಲು ಇವನ್ನ ಸಾಗಹಾಕು” ಎಂದ.

ಕೆಳಗಿಳಿಸಿದಷ್ಟೂ ಶಿವಕಾಂತಮ್ಮನದೇ ಹೆಸರು. ಕಾವೇರಿಗೆ ನಾಚಿಕೆಯಾಯಿತು. ಮೊಬೈಲ್ ನೋಡಿಕೊಂಡು ಬೇಸನ್ ಉಂಡಿ ಮಾಡಲು ಹೋದಳು. ಹಿಟ್ಟು ಸೀದು ಕರಿಯಾಯಿತು. ಕಡಾಯಿಯೇ ಸರಿಯಿಲ್ಲ ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಉಂಡಿ ಕೊಂಡು, ಡಬ್ಬಿಗಳಿಗೆ ತುಂಬಿ, ಕಮಲಾಪುರದ ಬಸ್ ಹತ್ತಿದಳು.

ದೊಡ್ಡವ್ವನ ಅಡುಗೆಮನೆ ಹೊಕ್ಕವಳು ಹೊಸ್ತಿಲಲ್ಲೇ ನಿಂತಳು. ಬೇಳೆ ಹಳೆ ಸೀರೆಯ ಗಂಟಿನಲ್ಲಿ, ಉಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಖಾರದಪುಡಿ ಒಡಕು ಬಟ್ಟಲಲ್ಲಿ. ಗೂಡಿನಲ್ಲಿ ಒಂದೇ ಒಂದು ಡಬ್ಬಿಯಿಲ್ಲ. ಇದ್ದಬದ್ದ ಡಬ್ಬಿಗಳೆಲ್ಲ ಕುಸನೂರಿನಲ್ಲಿ ತನಗೆ ಅಡ್ಡವಾಗಿ ಬಿದ್ದಿದ್ದವು ಎಂದು ಅವಳಿಗೆ ಆಗ ಹೊಳೆಯಿತು.

“ಉಂಡಿ ನೀನೇ ಮಾಡೀಯೇನವ್ವ?” ದೊಡ್ಡವ್ವ ಕೇಳಿದಳು.

“ಹೂಂ ದೊಡ್ಡವ್ವ.” ಸುಳ್ಳು ತಾನಾಗಿಯೇ ಬಾಯಿಗೆ ಬಂತು.

ಅಷ್ಟೇ ಸಾಕಾಯಿತು. ಮುದುಕಿ ಓಣಿಯವರನ್ನೆಲ್ಲ ಕರೆದಳು. “ನಮ್ಮ ಕಾವೇರಿ ತನ್ನ ಕೈಲೆ ಮಾಡ್ಯಾಳ, ತಿನ್ರಿ” ಎಂದು ಹಂಚಿ, ಕೊನೆಗೆ ತಾನೂ ಒಂದು ಬಾಯಿಗೆ ಹಾಕಿಕೊಂಡಳು.

“ಭಾಳ ಛಲೋ ಆಗ್ಯಾವ. ಹ್ಯಾಂಗ ಮಾಡಿದಿ, ನಮಗೂ ಹೇಳು” ಎಂದಳು ಪಕ್ಕದ ಮನೆಯ ನೀಲಗಂಗಮ್ಮ.

ಕಾವೇರಿ ಮೊಬೈಲ್ ತೆಗೆದು ಓದಿದಳು. ಉರಿ ಸಣ್ಣಗಿರಬೇಕು, ಹಿಟ್ಟು ಘಮ್ಮೆನ್ನುವ ತನಕ ಹುರಿಯಬೇಕು, ಮನೆಯ ತುಪ್ಪವೇ ಆಗಬೇಕು. ದೊಡ್ಡವ್ವ ಉಂಡಿಯನ್ನು ಮೆಲ್ಲಗೆ ಅಗಿಯುತ್ತ ಕೇಳಿಸಿಕೊಂಡಳು. ಆ ಮುಖ ನೋಡಿ ಕಾವೇರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೂ ಕೊನೆಯ ತನಕ ಓದಿದಳು.

ಸಂಜೆ ದೊಡ್ಡವ್ವ ಒಂದು ಡಬ್ಬಿಯನ್ನು ತೊಳೆದು ಒರೆಸಿ, ಹಿಂಡಿ ತುಂಬಿಕೊಂಡು ಬಸ್ಸಿನ ತನಕ ಬಂದಳು. ಹತ್ತಿರ ಯಾರೂ ಇಲ್ಲದ್ದು ನೋಡಿ ಅದನ್ನು ಕಾವೇರಿಯ ಕೈಗಿಟ್ಟಳು.

“ಇದನ್ನ ಖಾಲಿನೇ ತೊಗೊಂಡು ಬಾ. ಅಂಗಡಿ ಉಂಡಿ ನನಗ ತಿಳಿಯೋದಿಲ್ಲೇನು?” ಎಂದಳು. “ಡಬ್ಬಿ ತುಂಬಲಿಲ್ಲಂತ ನೀ ಇಷ್ಟು ದಿನ ಬರಲೇ ಇಲ್ಲ. ನಾ ಕಲಿಸಿದ್ದೇ ತಪ್ಪಾತವ್ವ.”

ಕಾವೇರಿ ಬಸ್ ಹತ್ತಿದಳು. ದೊಡ್ಡವ್ವ ನಿಂತ ಕಡೆಯ ಕಿಟಕಿಯ ಪಕ್ಕ ಜಾಗವಿತ್ತು. ಅವಳಿಗೆ ಮುಖ ತೋರಿಸಲಾರದೆ ಆಚೆ ಬದಿಗೆ ಹೋಗಿ ಕೂತಳು.