ಕುಣಿಗಲ್ ಮೇಷ್ಟ್ರ ರೆಕಾರ್ಡು

ನಾನು ಮದುವೆಯಾಗಿ ಗುಬ್ಬಿಯಿಂದ ತುಮಕೂರಿನ ಬಟವಾಡಿಗೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಬಾಡಿಗೆ ಮನೆಯಲ್ಲಿ ಸಾಮಾನು ಹೆಚ್ಚಿರಲಿಲ್ಲ. ಒಂದು ಮಂಚ, ಸೀಮೆಎಣ್ಣೆ ಸ್ಟೌ, ಮಡಚುವ ಕುರ್ಚಿಗಳು. ಆದರೆ ನಡುಮನೆಯ ಸ್ಟೂಲಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ಒಂದು ರೆಕಾರ್ಡ್ ಪ್ಲೇಯರ್ ಕೂತಿತ್ತು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಯಜಮಾನರು ಮೊದಲು ಕೊಂಡ ವಸ್ತು ಅದು. ವಿಚಿತ್ರವೆಂದರೆ ಮನೆಯೆಲ್ಲ ಹುಡುಕಿದರೂ ಒಂದೇ ಒಂದು ರೆಕಾರ್ಡ್ ಸಿಗಲಿಲ್ಲ.

"ರೆಕಾರ್ಡ್ ಎಲ್ಲಿಟ್ಟಿದೀರಾ?" ಅಂದೆ.

"ಭಾನುವಾರ ಬರುತ್ತೆ," ಎಂದರು.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸಿನಲ್ಲಿ ಬಂತು. ಟವೆಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ತಂದವರು ಯಜಮಾನರ ಸ್ನೇಹಿತರು, ಕುಣಿಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಇಬ್ಬರೂ ತುಮಕೂರಿನ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದವರು. ಓದುವಾಗಲೇ ಮೇಷ್ಟ್ರು ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯೊಂದರಿಂದ ಆ ಇಂಗ್ಲಿಷ್ ರೆಕಾರ್ಡ್ ತಂದಿದ್ದರಂತೆ. ಉದ್ದ ಕೂದಲಿನ ನಾಲ್ವರ ಫೋಟೊ ಬಿಟ್ಟರೆ ಅದರ ಹೊದಿಕೆಯ ಮೇಲೆ ಬೇರೇನೂ ಇರಲಿಲ್ಲ. ರೆಕಾರ್ಡ್ ಅವರದು, ಪ್ಲೇಯರ್ ನಮ್ಮದು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಕೇಳುವ ಹಾಗೇ ಇರಲಿಲ್ಲ.

ಒಂದು ಕಡೆ ನಾಲ್ಕು, ಇನ್ನೊಂದು ಕಡೆ ನಾಲ್ಕು, ಒಟ್ಟು ಎಂಟು ಹಾಡು. ಇಬ್ಬರೂ ಅವಕ್ಕೆ ತಮ್ಮದೇ ಹೆಸರಿಟ್ಟಿದ್ದರು. ಡ್ರಮ್ಮಿನ ಸದ್ದು ಸೇತುವೆ ಮೇಲೆ ಗಾಡಿ ಹೋದ ಹಾಗೆ ಕೇಳುವುದಕ್ಕೆ 'ರೈಲು'. ಮುಗಿಯದೆ ಎಳೆಯುವುದಕ್ಕೆ 'ದೊಡ್ಡದು'. ಯಾರೋ ಬೈದಾಡಿದ ಹಾಗಿರುವುದಕ್ಕೆ 'ಜಗಳ'. ಎರಡನೇ ಕಡೆಯ ಪುಟ್ಟ ಹಾಡೊಂದಕ್ಕೆ 'ಕೊನೇ ಬೆಂಚು'. ಪ್ರತಿ ಭಾನುವಾರ ಎಂಟನ್ನೂ ಕೇಳುವುದು, ಆಮೇಲೆ ಯಾವುದು ಮೊದಲು ಯಾವುದು ಕೊನೆ ಎಂದು ಕಿತ್ತಾಡುವುದು. ಮೇಷ್ಟ್ರು ಶಾಲೆಯ ಹಾಗೇ ನೂರಕ್ಕೆ ಮಾರ್ಕ್ಸ್ ಕೊಡುತ್ತಿದ್ದರು.

"ರೈಲಿಗೆ ತೊಂಬತ್ತೆರಡು. ಅದೇ ಫಸ್ಟು."

"ಏನ್ಲಾ ನಿನ್ ರೈಲು! ದೊಡ್ಡದರಲ್ಲಿ ಗಿಟಾರು ಮೇಲಕ್ಕೆ ಹತ್ತುತ್ತಲ್ಲ, ಆಗ ಮೈ ಜುಂ ಅನ್ನಲ್ವಾ ನಿಂಗೆ?"

"ಹತ್ತುತ್ತೆ ಕಣೋ, ಇಳಿಯೋದೇ ಇಲ್ವಲ್ಲ! ಅಷ್ಟೊತ್ತಿಗೆ ನಂಗೆ ಹಸಿವಾಗಿರುತ್ತೆ."

ಯಜಮಾನರು ಎದ್ದು ನಿಂತು ಕೈ ಬೀಸುತ್ತಿದ್ದರು. ತೊಡೆಯ ಮೇಲೆ ಡ್ರಮ್ ಬಾರಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಈ ಮನುಷ್ಯನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಜೊತೆ ಅವರ ಮಾತು "ಉಪ್ಪು ಒಂಚೂರು ಕಮ್ಮಿ", "ಬಾಗಿಲು ಹಾಕ್ಕೋ", ಅಷ್ಟೇ. ಕಾರ್ಖಾನೆಯಲ್ಲಿ ಹಗಲೆಲ್ಲ ಮಿಷನ್ ಸದ್ದು, ಮನೆಗೆ ಬಂದರೆ ಮೌನ ಬೇಕೆನಿಸುತ್ತದೇನೋ ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮೌನ ಬೇಕಾಗಿದ್ದವರು ಭಾನುವಾರ ಹೀಗೆ ಕುಣಿಯುತ್ತಾರೆಯೇ? ಆ ಹಾಡುಗಾರ ಯಾವ ಸಾಲಿನ ನಡುವೆ ಉಸಿರು ಎಳೆದುಕೊಳ್ಳುತ್ತಾನೆ ಎನ್ನುವುದು ಅವರಿಗೆ ಗೊತ್ತಿತ್ತು. ನನಗೆ ಬದನೆಕಾಯಿ ಆಗುವುದಿಲ್ಲ ಎನ್ನುವುದು ಗೊತ್ತಿರಲಿಲ್ಲ.

ಹೊಟ್ಟೆ ಉರಿಯುತ್ತಿತ್ತು. ಬೇರೆ ಹೆಂಗಸಿನ ವಿಷಯವಾಗಿದ್ದರೆ ಅಳಬಹುದಿತ್ತು, ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದಿತ್ತು. ಕಪ್ಪು ತಟ್ಟೆಯೊಂದರ ಮೇಲೆ, ಊಟ ಹೊಗಳಿ ಉಣ್ಣುವ ಬಡಪಾಯಿ ಮೇಷ್ಟ್ರ ಮೇಲೆ ಏನೆಂದು ದೂರುವುದು?

ಒಂದು ಶನಿವಾರ ಅಮ್ಮನಿಗೆ ಹುಷಾರಿಲ್ಲವೆಂದು ನೆಪ ಹೇಳಿ ಗುಬ್ಬಿಗೆ ಹೊರಟೆ. ಮರುದಿನ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾರೋ ಇಲ್ಲವೋ ನೋಡಬೇಕಿತ್ತು. ಭಾನುವಾರ ಪೂರ್ತಿ ಜಗಲಿಯಲ್ಲಿ ಕೂತು ಬಸ್‌ಸ್ಟ್ಯಾಂಡ್ ಕಡೆಯ ರಸ್ತೆಯನ್ನೇ ನೋಡಿದೆ. ಬರಲಿಲ್ಲ. ಅಮ್ಮ ಹುಣಸೆಹಣ್ಣು ಬಿಡಿಸುತ್ತಾ ನನ್ನನ್ನೇ ಗಮನಿಸುತ್ತಿದ್ದವಳು ಕೊನೆಗೆ ನನ್ನ ಬಾಯಿ ಬಿಡಿಸಿದಳು. ಎಲ್ಲ ಕೇಳಿ ನಕ್ಕುಬಿಟ್ಟಳು.

"ಕುಡಿಯಾಕಿಲ್ಲ, ಇಸ್ಪೀಟಿಲ್ಲ. ಗಂಡ ಹಾಡು ಕೇಳ್ತಾನೆ ಅಂತ ಮಕ ಊದಿಸ್ಕೊಂಡು ಬಂದಿದೀಯಲ್ಲ ತಾಯಿ! ಸುಮ್ಕೆ ಹೋಗು."

ಸೋಮವಾರ ಸಂಜೆ ಯಜಮಾನರು ಕೆಲಸ ಮುಗಿಸಿ ಬಂದರು. "ಅತ್ತೆ ಹೆಂಗಿದಾರೆ?" ಎಂದು ಕೇಳಿದರು. ಅಮ್ಮ ಅಂಗಳ ಗುಡಿಸುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಮೇಷ್ಟ್ರ ರೂಮಿನ ಹೆಂಚು ಸೋರತೊಡಗಿತು. ರೆಕಾರ್ಡ್ ಹಾಳಾದೀತೆಂದು ನಮ್ಮ ಮನೆಯಲ್ಲೇ ಬಿಟ್ಟುಹೋದರು. ಮಾರನೆಯ ದಿನ ಯಜಮಾನರು ಕೆಲಸಕ್ಕೆ ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು ಅದನ್ನು ಹೊರಗೆ ತೆಗೆದೆ. ಅಂಥದ್ದೇನಿದೆ ಇದರಲ್ಲಿ, ನೋಡಿಯೇಬಿಡೋಣ ಎಂಬ ಹಟ. ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಮೊದಲು ಬರೀ ಗಲಾಟೆ ಅನಿಸಿತು. ಪಿಯುಸಿಯವರೆಗೆ ಇಂಗ್ಲಿಷ್ ಓದಿದ್ದರೂ ಒಂದು ಪದ ಹಿಡಿಯಲಾಗಲಿಲ್ಲ. ಸೊಪ್ಪು ಬಿಡಿಸುತ್ತಾ, ಬಟ್ಟೆ ಮಡಚುತ್ತಾ ದಿನವೂ ಹಾಕಿದೆ. ಶತ್ರುವಿನ ಮನೆಯೊಳಗೆ ಹೊಕ್ಕು ಪಾತ್ರೆ ಪಡಗ ಎಣಿಸಿ ಬರುವವಳ ಹಾಗೆ ಕೇಳಿದೆ. ಕೇಳುತ್ತಾ ಕೇಳುತ್ತಾ ರೈಲಿಗೆ ನನ್ನ ಕಾಲೂ ತಾಳ ಹಾಕಿತು. ದೊಡ್ಡದು ಮಾತ್ರ ನನಗೂ ಹಸಿವು ತರಿಸಿತು.

ನಾನು ನಿಂತದ್ದು ಕೊನೇ ಬೆಂಚಿನ ಹತ್ತಿರ. ಅದರಲ್ಲಿ ಡ್ರಮ್ ಇಲ್ಲ, ಒಂದು ಗಿಟಾರು, ಒಂದು ದನಿ. ನಡುವೆ ಒಂದು ಕಡೆ ಹಾಡುಗಾರನ ಗಂಟಲು ಕಟ್ಟುತ್ತದೆ. ತಿದ್ದಿ ಮತ್ತೆ ಹಾಡಬಹುದಿತ್ತು, ಹಾಡಿಲ್ಲ. ಕೇಳುವವರು ಯಾರೂ ಇಲ್ಲದ ಮನೆಯಲ್ಲಿ ಒಬ್ಬನೇ ಮಾತಾಡಿಕೊಂಡ ಹಾಗಿತ್ತು. ನಾನು ಮತ್ತೆ ಮತ್ತೆ ಮುಳ್ಳನ್ನು ಅಲ್ಲಿಗೇ ಇಡುತ್ತಿದ್ದೆ.

ಮುಂದಿನ ಭಾನುವಾರ ಮೇಷ್ಟ್ರು ಎಂದಿನಂತೆ ತೀರ್ಪು ಕೊಟ್ಟರು. "ಕೊನೇ ಬೆಂಚಿಗೆ ಇಪ್ಪತ್ತೆಂಟು. ಫೇಲು."

"ಇಪ್ಪತ್ತೆಂಟು ಜಾಸ್ತಿ ಆಯ್ತು," ಎಂದರು ಯಜಮಾನರು. ಅವರಿಬ್ಬರೂ ಒಪ್ಪುತ್ತಿದ್ದದ್ದು ಅದೊಂದೇ ವಿಷಯದಲ್ಲಿ.

ನಾನು ಅಡುಗೆಮನೆಯ ಬಾಗಿಲಿಗೆ ಬಂದುಬಿಟ್ಟೆ. "ಅದನ್ಯಾಕೆ ಫೇಲ್ ಮಾಡ್ತೀರಾ ಮೇಷ್ಟ್ರೇ? ಉಳಿದ ಏಳರಲ್ಲೂ ಅವನು ಊರಿಗೆಲ್ಲ ಕೇಳಲಿ ಅಂತ ಹಾಡಿದಾನೆ. ಇದೊಂದನ್ನ ತನಗೆ ಹಾಡ್ಕೊಂಡಿದಾನೆ. ನಡುವೆ ಗಂಟಲು ಕಟ್ಟುತ್ತೆ, ಕೇಳಿಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಯಜಮಾನರ ಕೈ ತೊಡೆಯ ಮೇಲೇ ನಿಂತಿತು.

"ಅವಳಿಗೇನ್ ಗೊತ್ತು ಬಿಡೋ. ಇಂಗ್ಲಿಷ್ ಅರ್ಥ ಆಗ್ಬೇಕಲ್ಲ."

"ನಿಂಗೆ ಆಗುತ್ತಾ?" ಎಂದು ಮೇಷ್ಟ್ರು ನಕ್ಕರು. ಮತ್ತೆ ಹಾಕಿ, ಕಣ್ಣು ಮುಚ್ಚಿ ಕೇಳಿದರು. "ಇಲ್ಲ ಕಣೋ, ಅತ್ತಿಗೆ ಹೇಳ್ತಿರೋದ್ರಲ್ಲಿ ಏನೋ ಐತೆ. ಅತ್ತಿಗೆ, ಫಸ್ಟ್ ಕ್ಲಾಸ್ ಕೊಡಕ್ಕಾಗಲ್ಲ, ಪಾಸ್ ಮಾಡ್ತೀನಿ. ಹಂಗಾದ್ರೆ ಜಗಳಕ್ಕೆ ನೀವೆಷ್ಟು ಕೊಡ್ತೀರಾ?"

ಅಲ್ಲಿಂದ ಶುರುವಾಯಿತು. ಪ್ರತಿ ಭಾನುವಾರ ಮೇಷ್ಟ್ರು "ಅತ್ತಿಗೆ ಏನಂತಾರೆ ನೋಡಣ" ಎಂದು ನನ್ನನ್ನು ಕರೆಯತೊಡಗಿದರು. ನನಗೂ ಹುಮ್ಮಸ್ಸು ಬಂತು. ಅನ್ನಕ್ಕಿಟ್ಟು ಬಂದು ಕೂತು ವಾದ ಮಾಡುತ್ತಿದ್ದೆ. ನಾವಿಬ್ಬರೂ ರೈಲೇ ಮೊದಲು ಎಂದು ಒಂದಾದ ದಿನ ಯಜಮಾನರು ಎದ್ದು ಹೋಗಿ ಸೈಕಲ್ ಒರೆಸಿದರು.

ಆ ವಾರ ಒಂದು ಸಂಜೆ ಊಟ ಮಾಡುತ್ತಾ ಕೇಳಿದರು, "ನಾನಿಲ್ದಾಗ ಹಾಕ್ತೀಯಾ ಅದನ್ನ?"

"ಹೂಂ."

"ಒಬ್ಬಳೇನಾ?"

ಅನ್ನ ಬಡಿಸುತ್ತಿದ್ದ ಕೈ ನಿಂತಿತು. "ಇನ್ಯಾರ ಜೊತೆ ಕೇಳ್ಲಿ? ಪಕ್ಕದ ಮನೆ ಅಜ್ಜಿಗೆ ಕಿವಿ ಕೇಳ್ಸಲ್ಲ."

ಅವರು ನಗಲಿಲ್ಲ. ಮುಂದಿನ ಭಾನುವಾರ ಮೇಷ್ಟ್ರ ಕೈಗೆ ರೆಕಾರ್ಡ್ ಕೊಟ್ಟು, "ತಗೊಂಡ್ ಹೋಗೋ, ಇಲ್ಲೂ ತೇವ ಐತೆ" ಎಂದರು. ತೇವವೇನೂ ಇರಲಿಲ್ಲ. ಅದಾದ ಮೇಲೆ ಭಾನುವಾರವೂ ಓವರ್‌ಟೈಮ್ ಇದೆಯೆಂದು ಕಾರ್ಖಾನೆಗೆ ಹೋಗತೊಡಗಿದರು. ಮೇಷ್ಟ್ರು ದಡ್ಡರಲ್ಲ, ಬರುವುದನ್ನು ನಿಲ್ಲಿಸಿದರು. ವಾರದ ನಡುವೆ ಒಂದೆರಡು ಸಲ ಯಜಮಾನರು ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದು ನಡುಮನೆಯಲ್ಲಿ ಸುಮ್ಮನೆ ಕಣ್ಣಾಡಿಸಿದರು.

ನನಗೆ ಸಿಟ್ಟು ಬಂತು. ಎಂಥ ಅನುಮಾನ! ಆದರೆ ಅದರ ಜೊತೆಯಲ್ಲೇ ಇನ್ನೊಂದು ಭಾವನೆಯೂ ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಈ ಮನುಷ್ಯ ನಾನು ಹಗಲೆಲ್ಲ ಏನು ಮಾಡುತ್ತೇನೆಂದು ಯೋಚಿಸುತ್ತಿದ್ದರು. ಅಷ್ಟು ದಿನ ನಾನು ಉರಿದ ಹಾಗೆ ಈಗ ಅವರು ಉರಿಯುತ್ತಿದ್ದರು. ಒಳಗೊಳಗೇ ಒಂದು ಥರ ಖುಷಿಯಾಗಿತ್ತು.

ಆ ಖುಷಿ ಬಾಳಲಿಲ್ಲ. ಸ್ನೇಹಿತನಿಲ್ಲದೆ ಅವರು ಬಾಡಿಹೋದರು. ಊಟದ ತಟ್ಟೆಯ ಮುಂದೆ ಕೂತಾಗ ಬೆರಳು ತಾಳ ಹಾಕುತ್ತಿತ್ತು, ತಕ್ಷಣ ಎಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೇಷ್ಟ್ರ ಲಗ್ನಪತ್ರಿಕೆ ಬಂತು. ಹುಡುಗಿ ಚೇಳೂರಿನ ಕಡೆಯವಳು.

"ಹೋಗೋದ್ ಬ್ಯಾಡ್ವೇನೋ," ಎಂದರು.

"ನೀವ್ ಬರದಿದ್ರೆ ನಾನೊಬ್ಬಳೇ ಹೋಗ್ತೀನಿ," ಎಂದೆ. ಆ ಮಾತು ಕೇಳಿದ ಮೇಲೆ ಹೊರಡದೆ ಇರುವುದುಂಟೇ!

ಧಾರೆ ಮುಗಿದ ಮೇಲೆ ಅಕ್ಷತೆ ಹಾಕಲು ಹೋದ ಯಜಮಾನರ ಕೈಯನ್ನು ಮೇಷ್ಟ್ರು ಬಿಡಲೇ ಇಲ್ಲ. "ಲೋ, ದೊಡ್ಡದಕ್ಕೆ ತೊಂಬತ್ತು ಕೊಟ್ಟೆ ಹೋಗ್ಲಾ," ಎಂದರು, ಪೇಟ ಜಾರುತ್ತಿತ್ತು. ಯಜಮಾನರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ನನಗಾಗಿ ಅವರು ಅತ್ತದ್ದನ್ನು ನೋಡಿರಲಿಲ್ಲ.

ಹೊಸ ಜೋಡಿಯನ್ನು ಊಟಕ್ಕೆ ಕರೆದೆವು. ಮೇಷ್ಟ್ರು ಹೆಂಡತಿಯ ಜೊತೆ ರೆಕಾರ್ಡನ್ನೂ ತಂದರು. ಒಬ್ಬಟ್ಟಿನೂಟವಾದ ಮೇಲೆ ಗಂಡಸರಿಬ್ಬರೂ ಹಳೇ ಜಾಗದಲ್ಲಿ ಕೂತರು, ರೈಲು ಹೊರಟಿತು. ನಾನೂ ಗೋಡೆಗೊರಗಿ ಕೂತೆ. ಆ ಹುಡುಗಿ ಎಲೆ ಅಡಿಕೆ ಜಗಿಯುತ್ತಾ ಸ್ವಲ್ಪ ಹೊತ್ತು ಕೇಳಿದಳು. ಎರಡನೇ ಹಾಡು ಶುರುವಾಗುತ್ತಿದ್ದ ಹಾಗೆ, ಯಾರಿಗೂ ಹೆದರದೆ ಹೇಳಿದಳು.

"ಆಫ್ ಮಾಡಿ ಅದ್ನ. ತಲೆ ಸಿಡೀತೈತೆ."

ಮೇಷ್ಟ್ರು ಎದ್ದು ಮುಳ್ಳೆತ್ತಿದರು. ಅಷ್ಟೇ. ಬೇಸರವಿಲ್ಲ, ವಾದವಿಲ್ಲ. "ಮಲಗ್ತೀಯಾ ಒಂಚೂರು?" ಎಂದು ಕೇಳಿದರು.

ಆ ಕ್ಷಣ ನನಗಾದ ಹೊಟ್ಟೆಕಿಚ್ಚು ಹಿಂದೆಂದೂ ಆಗಿರಲಿಲ್ಲ. ರೆಕಾರ್ಡಿನ ಮೇಲಲ್ಲ, ಮೇಷ್ಟ್ರ ಮೇಲಲ್ಲ, ನಿನ್ನೆ ಮೊನ್ನೆ ಬಂದ ಆ ಹುಡುಗಿಯ ಮೇಲೆ. ನಾನು ಎಂಟು ಹಾಡು ಕಲಿತು, ತರ್ಕ ಕಲಿತು, ಗಂಡನ ಎದುರು ಗೆದ್ದು, ಅವರನ್ನು ಉರಿಸಿ ಪಡೆಯಲು ನೋಡಿದ್ದನ್ನು ಅವಳು ಎರಡು ಮಾತಿನಲ್ಲಿ ಪಡೆದಿದ್ದಳು.

ಸಂಜೆ ಬಸ್ಸಿಗೆ ಬಿಡಲು ಹೋದಾಗ ಗಂಡಸರು ಮುಂದೆ ನಡೆಯುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ, "ಅಷ್ಟು ಸಲೀಸಾಗಿ ಹೆಂಗಮ್ಮಾ ಹೇಳಿದೆ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ತಲೆ ನೋಯ್ತಿತ್ತಕ್ಕ. ಹೇಳ್ದಿದ್ರೆ ಅವ್ರಿಗೆ ಹೆಂಗ್ ಗೊತ್ತಾಯ್ತದೆ?"

ಆ ವಾರವೆಲ್ಲ ಆ ಮಾತನ್ನು ಮೆಲುಕು ಹಾಕಿದೆ. ಭಾನುವಾರ ಬೆಳಿಗ್ಗೆ ಕಾಫಿ ಕೊಟ್ಟು, ಎದುರಿಗೇ ನಿಂತು ಹೇಳಿದೆ. "ಇವತ್ತು ನಾವಿಬ್ರೂ ಎಲ್ಲಾದ್ರೂ ಹೋಗಣ. ನಂಗೆ ಹೋಗ್ಬೇಕು ಅನ್ಸುತ್ತೆ."

ಅವರು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದರು. "ಎಲ್ಲಿಗೆ?"

ಅದನ್ನು ನಾನು ಯೋಚಿಸಿರಲಿಲ್ಲ. "ನೀವೇ ಹೇಳಿ."

ಅವರು ನಿಜಕ್ಕೂ ಯೋಚಿಸಿದರು. ಹಣೆ ಗಂಟಿಕ್ಕಿ, ತುಂಬಾ ಪ್ರಾಮಾಣಿಕವಾಗಿ. ಆಮೇಲೆ ಮುಖ ಅರಳಿಸಿಕೊಂಡು ಹೇಳಿದರು, "ಕುಣಿಗಲ್ಲಿಗೆ?"

ನಗಬೇಕೋ ಲೋಟ ಕಿತ್ತುಕೊಳ್ಳಬೇಕೋ ತಿಳಿಯಲಿಲ್ಲ. ಒಳ್ಳೇ ಸೀರೆ ಉಟ್ಟುಕೊಂಡು ಹೊರಟೆ. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟರು. ಊರು ದಾಟಿದ ಮೇಲೆ, ಕೇಳಲೋ ಬೇಡವೋ ಎಂಬ ಹಾಗೆ ಕೇಳಿದರು, "ನಿಜ ಹೇಳು, ದೊಡ್ಡದು ನಿಂಗೆ ಒಂಚೂರೂ ಇಷ್ಟ ಇಲ್ವಾ?"

"ಒಂಚೂರೂ ಇಲ್ಲ," ಎಂದೆ.

"ಕಿವಿ ಸರಿ ಇಲ್ಲ ಕಣೇ ನಿಂಗೆ!" ಎಂದು ನನ್ನ ಕಡೆ ಪೂರ್ತಿ ತಿರುಗಿ ಕೂತರು. ಹೆಬ್ಬೂರು ಬರುವವರೆಗೂ ಕಿತ್ತಾಡಿದೆವು. ಟಿಕೆಟ್ ಕೊಡಲು ಬಂದ ಕಂಡಕ್ಟರು ಗಂಡ ಹೆಂಡಿರ ಜಗಳವೆಂದುಕೊಂಡು, ಆಮೇಲೆ ಬರ್ತೀನಿ ಎಂದು ಹಿಂದಕ್ಕೆ ಹೋದರು.